ಕೀಲೆಣ್ಣೆಯಿಂದ ಕೆಂಪೆಣ್ಣೆಯವರೆಗೆ



ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆ ಇತಿಹಾಸ ಹೇಳಿದ ಮೇಷ್ಟ್ರು ಇಂದು ಗಾಡಿಗೆ ಹಾಕುವ ಎಣ್ಣೆಯ ವಿಷಯ ಬರೆಯುತ್ತಿರುವುದನ್ನು ಕಂಡು ನಿಮಗೆ ನಗು ಬರಬಹುದು. ಇದಕ್ಕೆ ಕಾರಣವಿದೆ. ಕಳೆದ ವರ್ಷ ನನ್ನಿಂದ ಒಂದು ತಪ್ಪಾಯಿತು. ಆ ತಪ್ಪಿನ ಹೊರೆಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಲೆಯ ಮೇಲೆ ಹೊತ್ತುಕೊಂಡ. ಸುತ್ತಮುತ್ತಲ ಜನರು ಇಂದಿಗೂ ಅದು ಅವನ ತಪ್ಪೆಂದೇ ತಿಳಿದಿದ್ದಾರೆ. ಅದನ್ನು ಸರಿಪಡಿಸುವುದು ನನ್ನ ಕರ್ತವ್ಯ. ಆದರೆ ನನ್ನ ಅಭ್ಯಾಸವನ್ನು ನೀವು ಬಲ್ಲಿರಿ. ಯಾವುದನ್ನು ಹೇಳಬೇಕಾದರೂ ಅದರ ಪೂರ್ವಚರಿತ್ರೆಯಿಂದಲೇ ಆರಂಭಿಸಬೇಕು.

ನಾನು ಹುಟ್ಟಿ ಬೆಳೆದದ್ದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಒಂದು ಜೊತೆ ಎತ್ತು, ಒಂದು ಮರದ ಚಕ್ರದ ಗಾಡಿ ಇದ್ದವು. ಆ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರೊಳಗೆ ಕಾಡಿಗೆಯಂತೆ ಕಪ್ಪಗಿನ, ಮಂದವಾದ ಒಂದು ಪದಾರ್ಥ ಮತ್ತು ಅದನ್ನು ತೆಗೆಯಲು ಒಂದು ಕಡ್ಡಿ. ಅದೇ ಕೀಲೆಣ್ಣೆ. ರಾಗಿ ಹೊಲದ ಅಂಚಿನಲ್ಲಿ ಬೆಳೆದ ಹರಳಿನಿಂದ ತೆಗೆದ ಎಣ್ಣೆಗೆ, ಸುಟ್ಟ ಹುಲ್ಲಿನ ಕರಿಯನ್ನು ನುಣ್ಣಗೆ ಅರೆದು ಬೆರೆಸಿ ನಮ್ಮ ತಂದೆಯವರು ಅದನ್ನು ತಯಾರಿಸುತ್ತಿದ್ದರು. ಪ್ರಯಾಣಕ್ಕೆ ಮುನ್ನ ಕಡಾಣಿ ಕಳಚಿ, ಚಕ್ರವನ್ನು ಸ್ವಲ್ಪ ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಸವರುವ ಕೆಲಸ ಹುಡುಗನಾದ ನನ್ನದು.

1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಾರ್ಖಾನೆಯು ಮಂಡ್ಯದ ಸುತ್ತಲಿನ ರೈತರ ಬದುಕನ್ನೇ ಬದಲಿಸಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಕೃಷ್ಣರಾಜಸಾಗರದ ನೀರು, ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ದೂರದೃಷ್ಟಿ, ರೈತರ ದುಡಿಮೆ ಇವೆಲ್ಲ ಸೇರಿ ಆ ಕಾರ್ಖಾನೆಯಾಯಿತು. ಆದರೆ ಪಾಠಪುಸ್ತಕದಲ್ಲಿ ಬರೆಯದ ಒಂದು ಸಂಗತಿಯಿದೆ. ಆ ಕಾರ್ಖಾನೆಗೆ ಕಬ್ಬು ಹೊತ್ತು ಸಾಲುಗಟ್ಟಿ ನಿಲ್ಲುತ್ತಿದ್ದ ಗಾಡಿಗಳ ಚಕ್ರಗಳು ತಿರುಗಿದ್ದು ಇದೇ ಕೀಲೆಣ್ಣೆಯಿಂದ.

ಒಂದು ವರ್ಷ ಕಬ್ಬು ಸಾಗಿಸುವ ದಿನಗಳಲ್ಲಿ ಗೊಟ್ಟ ಬರಿದಾಗಿತ್ತು. ನಾನು ಅದನ್ನು ತಂದೆಯವರಿಗೆ ಹೇಳದೆ, ಲಾಟೀನಿಗೆಂದು ಇಟ್ಟಿದ್ದ ಸೀಮೆಎಣ್ಣೆಯನ್ನೇ ಅಚ್ಚಿಗೆ ಸುರಿದೆ. ಎಣ್ಣೆ ಎಂದ ಮೇಲೆ ಜಾರುತ್ತದೆ, ಜಾರಿದರೆ ಸಾಕು ಎಂಬುದು ನನ್ನ ತರ್ಕ. ಸೀಮೆಎಣ್ಣೆಯು ಜಾರುವುದಿರಲಿ, ಅಚ್ಚಿನಲ್ಲಿ ಅಷ್ಟಿಷ್ಟು ಉಳಿದಿದ್ದ ಹಳೆಯ ಜಿಡ್ಡನ್ನೂ ತೊಳೆದುಹಾಕಿತು. ಎರಡು ಹರದಾರಿ ಹೋಗುವಷ್ಟರಲ್ಲಿ ಚಕ್ರ ಕಿರುಗುಟ್ಟತೊಡಗಿತು, ಗುಂಬದಿಂದ ಸುಟ್ಟ ವಾಸನೆ ಬಂತು. ತಂದೆಯವರು ಗಾಡಿ ನಿಲ್ಲಿಸಿ, ಅಚ್ಚನ್ನು ಮೂಸಿ ನೋಡಿ, ನನ್ನ ಮುಖ ನೋಡಿದರು. ಹೊಡೆಯಲಿಲ್ಲ. "ದೀಪಕ್ಕೆ ಹಾಕೋದು ಬೇರೆ, ತಲೆಗೆ ತಿಕ್ಕೋದು ಬೇರೆ, ಕೀಲಿಗೆ ಬಿಡೋದು ಬೇರೆ ಕಣ್ಲಾ. ಗೊತ್ತಿಲ್ದಿದ್ರೆ ಕೇಳ್ಬೇಕು" ಎಂದರು ಅಷ್ಟೆ. ಆ ದಿನ ನಮ್ಮ ಕಬ್ಬು ಕಾರ್ಖಾನೆಯನ್ನು ತಲುಪಲಿಲ್ಲ. ಒಣಗಿದ ಕಬ್ಬಿನ ತೂಕ ಕಡಿಮೆಯಾಗಿ ಆದ ನಷ್ಟವನ್ನು ತಂದೆಯವರು ಎಂದೂ ನನ್ನೆದುರು ಎತ್ತಿ ಆಡಲಿಲ್ಲ.

ಹರಳೆಣ್ಣೆಯನ್ನೇ ಏಕೆ ಆರಿಸಿಕೊಂಡರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಇತರ ಸಸ್ಯಜನ್ಯ ಎಣ್ಣೆಗಳಿಗಿಂತ ಅದು ಬಹಳ ಮಂದ. ಲೋಹಕ್ಕೆ ಬಿಡದೆ ಅಂಟಿಕೊಳ್ಳುವ ಗುಣವೂ ಅದಕ್ಕಿದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣ, ಮೊದಲನೆಯ ಮಹಾಯುದ್ಧದ ಹಲವು ವಿಮಾನಗಳ ಎಂಜಿನ್ನುಗಳಿಗೂ ಹರಳೆಣ್ಣೆಯನ್ನೇ ಬಳಸಿದರು. ಇಂಗ್ಲೆಂಡಿನ ವೇಕ್‌ಫೀಲ್ಡ್ ಸಂಸ್ಥೆಯು 1909ರಲ್ಲಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ. ಇಂದು ಮಂಡ್ಯದ ಪೆಟ್ರೋಲ್ ಬಂಕುಗಳ ಕಪಾಟಿನಲ್ಲಿ ಆ ಹೆಸರನ್ನು ನೋಡಿದಾಗಲೆಲ್ಲ ನನಗೆ ನಮ್ಮ ಗಾಡಿಯ ಬಿದಿರಿನ ಗೊಟ್ಟ ನೆನಪಾಗುತ್ತದೆ.

ಇನ್ನು ಕೆಂಪೆಣ್ಣೆಯ ಕಥೆಗೆ ಬರೋಣ. ತಾನೇ ಗೇರು ಬದಲಿಸಿಕೊಳ್ಳುವ ಕಾರಿನ ಗೇರುಪೆಟ್ಟಿಗೆಗೆ ಹಾಕುವ ದ್ರವಕ್ಕೆ ವರ್ಕ್‌ಶಾಪುಗಳಲ್ಲಿ ಎಟಿಎಫ್ ಎನ್ನುತ್ತಾರೆ. ಇದನ್ನು ಅರಿಯಬೇಕಾದರೆ ನಮ್ಮ ಶಿವನಸಮುದ್ರಕ್ಕೆ ಹೋಗಿ ಬರಬೇಕು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಜಲವಿದ್ಯುತ್ ಯೋಜನೆಯು 1902ರಲ್ಲಿ ಪೂರ್ಣಗೊಂಡು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿತು. ಮಳವಳ್ಳಿಗೆ ರೈಲಿಲ್ಲ. ಹಾಗಾಗಿ ಭಾರಿ ಯಂತ್ರಗಳನ್ನು ರೈಲಿನಿಂದ ಇಳಿಸಿಕೊಂಡು ಎತ್ತಿನ ಗಾಡಿ, ಆನೆಗಳ ಬಲದಿಂದ ಕಾವೇರಿಯ ದಡಕ್ಕೆ ಸಾಗಿಸಿದರು. ಬೀಳುವ ನೀರು ಚಕ್ರದ ಅಲಗುಗಳನ್ನು ತಳ್ಳುತ್ತದೆ, ಚಕ್ರ ತಿರುಗುತ್ತದೆ. ಶಾಲೆಯ ಪ್ರವಾಸದಲ್ಲಿ ನಿಮ್ಮನ್ನು ಕರೆದೊಯ್ದು ಇದನ್ನು ವಿವರಿಸಿದ್ದೆನಲ್ಲವೇ?

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ಬೆಳಕು ಕೊಟ್ಟ 1905ನೆಯ ಇಸವಿಯಲ್ಲಿಯೇ ಜರ್ಮನಿಯ ಹರ್ಮನ್ ಫಟಿಂಗರ್ ಎಂಬ ಎಂಜಿನಿಯರ್ ಒಂದು ಹೊಸ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಹಡಗಿನ ಉಗಿಚಕ್ರವು ಅತಿ ವೇಗದಲ್ಲಿ ತಿರುಗುತ್ತಿತ್ತು. ನೀರನ್ನು ತಳ್ಳುವ ಪಂಖವು ನಿಧಾನವಾಗಿ ತಿರುಗಬೇಕಿತ್ತು. ಇವೆರಡರ ನಡುವೆ ಆತ ದ್ರವವನ್ನು ತಂದ. ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಎಂಜಿನ್ ತಿರುಗಿಸುವ ಚಕ್ರವು ದ್ರವವನ್ನು ಎಸೆಯುತ್ತದೆ. ಎದುರಿನ ಚಕ್ರವು ಆ ದ್ರವದ ಹೊಡೆತಕ್ಕೆ ತಿರುಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಳ್ಳದೆಯೇ ಬಲವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಶಿವನಸಮುದ್ರವನ್ನು ಒಂದು ಡಬ್ಬಿಯೊಳಗೆ ಇಟ್ಟು, ನೀರಿಗೆ ಬದಲಾಗಿ ಎಣ್ಣೆ ತುಂಬಿದಂತೆ ಎಂದು ಭಾವಿಸಿಕೊಳ್ಳಿ.

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ನಮ್ಮ ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು, ದ್ರವದ ಮೂಲಕ ಬಲ ಸಾಗಿಸಿ ತಾನಾಗಿಯೇ ಗೇರು ಬದಲಿಸುವ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯನ್ನು ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಜನಸಾಮಾನ್ಯರ ಮುಂದಿಟ್ಟಿತು. 1949ರಲ್ಲಿ ಆ ಸಂಸ್ಥೆಯು ಇಂತಹ ಪೆಟ್ಟಿಗೆಗೆಂದೇ 'ಟೈಪ್ ಎ' ಎಂಬ ದ್ರವದ ಮಾನದಂಡವನ್ನು ಗೊತ್ತುಮಾಡಿತು. ಎಂಜಿನ್ ಎಣ್ಣೆಗಿಂತ ಬೇರೆ ಎಂದು ತಿಳಿಯಲಿ, ಸೋರಿದರೆ ಯಾವುದು ಸೋರಿತೆಂದು ಗೊತ್ತಾಗಲಿ ಎಂದು ಈ ಬಗೆಯ ದ್ರವಕ್ಕೆ ಕೆಂಪು ಬಣ್ಣ ಬೆರೆಸುವುದು ರೂಢಿಯಾಯಿತು. ಈ ಬಣ್ಣವು ಗುರುತಿಗಷ್ಟೆ. ಅದು ಗುಣವನ್ನು ಹೇಳುವುದಿಲ್ಲ. ಈ ಒಂದು ವಾಕ್ಯವನ್ನು ನಾನು ಮೊದಲೇ ಅರಿತಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಈ ದ್ರವದ ಕೆಲಸ ಒಂದೆರಡಲ್ಲ. ಬಲವನ್ನು ಸಾಗಿಸಬೇಕು, ಗೇರು ಬದಲಿಸುವ ಕವಾಟಗಳಿಗೆ ಒತ್ತಡ ಒದಗಿಸಬೇಕು, ಹಲ್ಲುಗಳ ಸವೆತ ತಡೆಯಬೇಕು, ಹುಟ್ಟಿದ ಕಾವನ್ನು ಹೊತ್ತೊಯ್ಯಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದಿದೆ. ಪೆಟ್ಟಿಗೆಯೊಳಗಿನ ಕ್ಲಚ್ ಬಿಲ್ಲೆಗಳು ಈ ದ್ರವದಲ್ಲಿ ಮುಳುಗಿದ್ದುಕೊಂಡೇ ಒಂದನ್ನೊಂದು ಹಿಡಿಯಬೇಕು. ಹೆಚ್ಚು ಜಾರಿದರೆ ಬಿಲ್ಲೆಗಳು ಸುಡುತ್ತವೆ. ಒಮ್ಮೆಲೇ ಕಚ್ಚಿದರೆ ಕಾರು ಕುಲುಕುತ್ತದೆ. ಕೀಲೆಣ್ಣೆಗೆ ಜಾರಿಸುವುದೊಂದೇ ಧರ್ಮ. ಇದಕ್ಕೆ ಜಾರಿಸುವುದೂ ಧರ್ಮ, ಹಿಡಿಸುವುದೂ ಧರ್ಮ. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬ ಲೆಕ್ಕವು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ. 1960ರ ದಶಕದಲ್ಲಿ ಫೋರ್ಡ್ ಸಂಸ್ಥೆಯ 'ಟೈಪ್ ಎಫ್' ಗಟ್ಟಿಯಾಗಿ ಹಿಡಿಯುವ ದ್ರವವಾಗಿದ್ದರೆ, ಜನರಲ್ ಮೋಟಾರ್ಸ್‌ನ 'ಡೆಕ್ಸ್‌ರಾನ್' ಮೃದುವಾಗಿ ಹಿಡಿಯುವಂಥದ್ದು. ಎರಡೂ ಕೆಂಪು. ಒಂದರ ಬದಲು ಇನ್ನೊಂದನ್ನು ಹಾಕುವಂತಿರಲಿಲ್ಲ.

ಆ ಮೃದುತ್ವಕ್ಕೆ ಆಗ ಏನು ಬೆರೆಸುತ್ತಿದ್ದರು ಗೊತ್ತೇ? ಸ್ಪರ್ಮ್ ತಿಮಿಂಗಿಲದ ಎಣ್ಣೆ! ಕಾರು ಸರಾಗವಾಗಿ ಓಡಲೆಂದು ಸಾಗರದ ಮಹಾಪ್ರಾಣಿಯೊಂದು ಬಲಿಯಾಗುತ್ತಿತ್ತು. ಆ ಸಂತತಿ ಅಳಿವಿನಂಚಿಗೆ ಬಂದಾಗ, 1970ರ ದಶಕದ ಆರಂಭದಲ್ಲಿ ಅಮೆರಿಕವು ಆ ಎಣ್ಣೆಯ ಬಳಕೆಯನ್ನು ನಿಲ್ಲಿಸಿತು. ರಸಾಯನಶಾಸ್ತ್ರಜ್ಞರು ಬೇರೆ ಪದಾರ್ಥಗಳನ್ನು ಹುಡುಕಬೇಕಾಯಿತು. ಜೊಜೋಬ ಎಂಬ ಮರುಭೂಮಿಯ ಪೊದೆಯ ಬೀಜದೆಣ್ಣೆಯೂ ಆ ಹುಡುಕಾಟದಲ್ಲಿ ಮುಂದೆ ಬಂತು. ಹೊಲದಂಚಿನ ಹರಳಿನಿಂದ ಸಾಗರದ ತಿಮಿಂಗಿಲಕ್ಕೆ ಹೋದ ಮನುಷ್ಯ ಪುನಃ ಬೀಜದತ್ತ ತಿರುಗಿ ನೋಡಿದ.

ನಮ್ಮ ಭಾಗದಲ್ಲಿ ಬಹುಕಾಲ ಇದೊಂದೂ ಬೇಕಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಮಂಡ್ಯದಲ್ಲಿ ಕಾಣುತ್ತಿದ್ದುದು ಅಂಬಾಸಿಡರ್ ಮತ್ತು ಫಿಯೆಟ್. ಅವುಗಳ ಗೇರನ್ನು ಮನುಷ್ಯನೇ ಬದಲಿಸಬೇಕಿತ್ತು, ಪೆಟ್ಟಿಗೆಗೆ ಮಾಮೂಲಿ ಗೇರ್ ಆಯಿಲ್ ಸಾಕಾಗಿತ್ತು. ಗೇರಿಲ್ಲದ ವಾಹನವನ್ನು ನಮ್ಮಲ್ಲಿ ಅನೇಕರು ಮೊದಲು ಕಂಡದ್ದು 1984ರಲ್ಲಿ ಮಾರುಕಟ್ಟೆಗೆ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನ ರೂಪದಲ್ಲಿ. ಅದರಲ್ಲಿ ಅಗಲವಾಗುವ, ಕಿರಿದಾಗುವ ಎರಡು ರಾಟೆಗಳ ನಡುವೆ ರಬ್ಬರಿನ ಪಟ್ಟಿ ಓಡುತ್ತದೆ. 1958ರಲ್ಲಿ ಹಾಲೆಂಡಿನ ಡಾಫ್ ಎಂಬ ಪುಟ್ಟ ಕಾರಿನಲ್ಲಿ ಬಂದ ಉಪಾಯದ ಬಂಧುವಿದು. ಆ ಪಟ್ಟಿಗೆ ಎಣ್ಣೆ ತಾಗಲೇಬಾರದು. ತಾಗಿದರೆ ಜಾರುತ್ತದೆ.

ಮುಂದೆ ಕಾರುಗಳಲ್ಲಿ ರಬ್ಬರಿನ ಬದಲು ಉಕ್ಕಿನ ಪಟ್ಟಿ ಬಂತು. ಇದೇ ಸಿವಿಟಿ. ಉಕ್ಕಿನ ಪಟ್ಟಿಯು ಉಕ್ಕಿನ ರಾಟೆಯನ್ನು ಜಾರದಂತೆ ಹಿಡಿಯಬೇಕು, ಆದರೂ ಸವೆಯಬಾರದು. ಅದಕ್ಕೆಂದೇ ಬೇರೆಯ ದ್ರವವಿದೆ. 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರಿನೊಂದಿಗೆ ಎಎಂಟಿ ಎಂಬ ಅಗ್ಗದ ಬಗೆಯೂ ಜನಪ್ರಿಯವಾಯಿತು. ಅದು ಒಳಗೆ ಮಾಮೂಲಿ ಗೇರುಪೆಟ್ಟಿಗೆಯೇ. ಮನುಷ್ಯನ ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೆ. ಆದುದರಿಂದ ಅದಕ್ಕೆ ಬೇಕಾದದ್ದು ಮಾಮೂಲಿ ಪೆಟ್ಟಿಗೆಯ ಗೇರ್ ಆಯಿಲ್. ಗೇರು ಬದಲಿಸುವ ಅಂಗಕ್ಕೆ ಪ್ರತ್ಯೇಕ ದ್ರವವಿರುತ್ತದೆ. ಎರಡು ಕ್ಲಚ್ಚಿನ ಡಿಸಿಟಿ ಎಂಬುದು ಇನ್ನೊಂದು ಬಗೆ, ಅದಕ್ಕೆ ಅದರದೇ ದ್ರವ. ಹೊರಗಿನಿಂದ ಎಲ್ಲವೂ 'ಆಟೋಮ್ಯಾಟಿಕ್'. ಒಳಗೆ ನಾಲ್ಕು ಜಾತಿ.

ಮಾರ್ಚ್ 2023ರಲ್ಲಿ ಮಂಡ್ಯ ಜಿಲ್ಲೆಯಲ್ಲಿಯೇ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಮದ್ದೂರಿನ ಸುತ್ತಮುತ್ತ ಆಟೋಮ್ಯಾಟಿಕ್ ಕಾರುಗಳು ಸಾಮಾನ್ಯ ದೃಶ್ಯವಾಗಿವೆ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಕ್ಲಚ್ ತುಳಿದು ಬೇಸತ್ತ ಮಕ್ಕಳು ಹಬ್ಬಕ್ಕೆ ಅವುಗಳಲ್ಲಿಯೇ ಊರಿಗೆ ಬರುತ್ತಾರೆ. ನನ್ನ ತಂಗಿಯ ಮಗನೂ ಕಳೆದ ವರ್ಷ ಅಂತಹ ಒಂದು ಹಳೆಯ ಕಾರನ್ನು ಕೊಂಡು ತಂದ. ಪೆಟ್ಟಿಗೆಯ ದ್ರವ ಬದಲಿಸಿ ಎಷ್ಟು ಕಾಲವಾಯಿತೋ ತಿಳಿಯದು ಎಂದ. ಮದ್ದೂರಿನ ಬಳಿ ವರ್ಕ್‌ಶಾಪ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯಲ್ಲಿಗೆ ನಾನೇ ಅವನನ್ನು ಕರೆದುಕೊಂಡು ಹೋದೆ. ನನಗೆ ಕುರ್ಚಿ ಬಂತು, ಮದ್ದೂರು ವಡೆ ಬಂತು, ಕಾಫಿ ಬಂತು.

ಹಳೆಯ ದ್ರವ ಹೊರಬಂದಾಗ ಅದು ಕಂದುಬಣ್ಣಕ್ಕೆ ತಿರುಗಿತ್ತು. ಮೂಲದಲ್ಲಿ ಯಾವುದೆಂದು ಗುರುತಿಸುವಂತಿರಲಿಲ್ಲ. ವರ್ಕ್‌ಶಾಪಿನಲ್ಲಿ ಕೆಂಪು ಎಟಿಎಫ್ ಡಬ್ಬಗಳಿದ್ದವು. ಹುಡುಗ ಕೈಯಲ್ಲಿ ಡಬ್ಬ ಹಿಡಿದುಕೊಂಡು, "ಸಾರ್, ಕಾರಿನ ಪುಸ್ತಕ ಇಲ್ಲ. ಯಾವ ಪೆಟ್ಟಿಗೆ ಅಂತ ಮಾಡೆಲ್ ನಂಬರ್ ಕೊಟ್ಟು ವಿಚಾರಿಸ್ತೀನಿ. ನಾಳೆ ಹಾಕೋಣ" ಎಂದ. ಮರುದಿನ ನಾವು ಶಿವನಸಮುದ್ರಕ್ಕೆ ಹೋಗಬೇಕಿತ್ತು. ನಾನು ಅಲ್ಲಿಲ್ಲಿ ಓದಿದ್ದ ಅರೆಜ್ಞಾನದಿಂದ, "ಆಟೋಮ್ಯಾಟಿಕ್ ಗೇರಿಗೆ ಕೆಂಪೆಣ್ಣೆ ಕಣಪ್ಪಾ, ಅದರಲ್ಲಿ ವಿಚಾರಿಸುವುದೇನಿದೆ? ಹಾಕು" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಅಂದು ನಾನು ತಂದೆಯವರ ಎದುರು ನಿಂತಿದ್ದ ಹಾಗೆ ಅವನು ನನ್ನೆದುರು ನಿಂತಿದ್ದ. ವ್ಯತ್ಯಾಸವಿಷ್ಟೆ: ಇಲ್ಲಿ ಸರಿ ಇದ್ದವನು ಹುಡುಗ. ಮೇಷ್ಟ್ರ ಮಾತು ಮೀರಲಾರದೆ ಅವನು ಅದನ್ನೇ ಹಾಕಿದ.

ಮರುದಿನ ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಯ ಕಡೆಗೆ ಹೋಗುವಾಗ ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಮುಂದಕ್ಕೆ ಎಳೆಯುತ್ತಿರಲಿಲ್ಲ. ಹಾಗೂ ಹೀಗೂ ಹೋಗಿ ಬಂದೆವು. ಎರಡು ವಾರದೊಳಗೆ ಅದು ಪೂರ್ತಿ ನಿಂತುಹೋಯಿತು. ಕಂಪನಿಯ ಸರ್ವೀಸಿಗೆ ಎಳೆದುಕೊಂಡು ಹೋದಾಗ ತಿಳಿಯಿತು, ಅದು ಸಿವಿಟಿ ಎಂದು. ಪಟ್ಟಿ ಜಾರಿ, ರಾಟೆಗಳ ಮೈಮೇಲೆ ಗೀರು ಬಿದ್ದಿತ್ತು. ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಅದರ ವೆಚ್ಚ ನನ್ನ ಹಲವು ತಿಂಗಳ ಪಿಂಚಣಿ.

ನನ್ನ ತಂಗಿಯ ಮನೆಯವರು ಸಹಜವಾಗಿಯೇ ವರ್ಕ್‌ಶಾಪಿನವನನ್ನು ದೂರಿದರು. ಅವನು ಒಂದು ಮಾತೂ ಎದುರಾಡಲಿಲ್ಲ. "ನಾನು ಕೇಳಿ ಹಾಕಬೇಕಿತ್ತು" ಎಂದನಂತೆ. ಕಂತಿನಲ್ಲಿ ಅರ್ಧ ಹಣ ಕೊಡುತ್ತೇನೆಂದೂ ಹೇಳಿದನಂತೆ. ಮೇಷ್ಟ್ರೇ ಹಾಕಿಸಿದರು ಎಂದು ಮಾತ್ರ ಎಲ್ಲಿಯೂ ಬಾಯಿ ಬಿಡಲಿಲ್ಲ. ಈ ವಿಷಯ ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಣವನ್ನು ನಾನೇ ಕೊಟ್ಟೆ. ತಂಗಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಆದರೆ ಊರಿನಲ್ಲಿ ಹರಡಿದ ಮಾತನ್ನು ಮನೆಮನೆಗೆ ಹೋಗಿ ಹಿಂದಕ್ಕೆ ತರಲಾಗುವುದಿಲ್ಲ. ಅವನಲ್ಲಿಗೆ ಹೋಗುತ್ತಿದ್ದ ಕೆಲವರು ಈಗ ಹೋಗುತ್ತಿಲ್ಲ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ: ತಪ್ಪು ಅವನದಲ್ಲ, ನನ್ನದು. ಅವನು ವಿಚಾರಿಸುತ್ತೇನೆಂದ. ವಿಚಾರಿಸಬೇಡವೆಂದವನು ನಾನು.

ಈಗ ಅವನಿಂದಲೇ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಆಟೋಮ್ಯಾಟಿಕ್ ಕಾರುಳ್ಳವರು ಗಮನಿಸಬೇಕು.

ಮೊದಲನೆಯದಾಗಿ, ನಿಮ್ಮ ಕಾರಿನ ಪೆಟ್ಟಿಗೆ ಯಾವ ಜಾತಿಯದೆಂದು ತಿಳಿಯಿರಿ. ಟಾರ್ಕ್ ಕನ್ವರ್ಟರಿನದೇ, ಸಿವಿಟಿಯೇ, ಎಎಂಟಿಯೇ, ಡಿಸಿಟಿಯೇ? ಒಂದೇ ಹೆಸರಿನ ಕಾರು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಪೆಟ್ಟಿಗೆಯೊಂದಿಗೆ ಬಂದಿರುವುದುಂಟು.

ಎರಡನೆಯದಾಗಿ, ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ದ್ರವದ ನಿರ್ದಿಷ್ಟ ಹೆಸರನ್ನು ಓದಿರಿ. ಅಕ್ಷರ, ಅಂಕಿ ಒಂದೂ ವ್ಯತ್ಯಾಸವಾಗಬಾರದು. ಟೊಯೊಟಾದ 'ಟಿ-4' ಬೇರೆ, 'ಡಬ್ಲ್ಯುಎಸ್' ಬೇರೆ. ಎರಡನೆಯದು ಹೆಚ್ಚು ತೆಳು. ಹೋಂಡಾದ್ದು ಬೇರೆಯೇ. ಕೈಪಿಡಿ ಕಳೆದಿದ್ದರೆ ತಯಾರಕರ ಸರ್ವೀಸಿನಲ್ಲಿ ಕಾರಿನ ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಬಹುದು.

ಮೂರನೆಯದಾಗಿ, ಡಬ್ಬದ ಮುಂದಿನ ಚಿತ್ರವನ್ನಲ್ಲ, ಹಿಂದಿನ ಸಣ್ಣಕ್ಷರಗಳನ್ನು ಓದಿರಿ. ತಯಾರಕರ ಅನುಮೋದನೆ ಅಥವಾ ಪರವಾನಗಿ ಇದೆ ಎನ್ನುವುದಕ್ಕೂ, ಇಂತಹ ಕಾರಿಗೆ ಬಳಸಬಹುದು ಎಂದು ಎಣ್ಣೆಯವರೇ ಹೇಳಿಕೊಳ್ಳುವುದಕ್ಕೂ ಅಂತರವಿದೆ. ಉದಾಹರಣೆಗೆ, 'ಡೆಕ್ಸ್‌ರಾನ್-3'ಕ್ಕೆ ಪರವಾನಗಿ ಕೊಡುವುದನ್ನು ಜನರಲ್ ಮೋಟಾರ್ಸ್ 2006ರ ಕೊನೆಗೆ ನಿಲ್ಲಿಸಿತು. ಅದರ ಸ್ಥಾನದಲ್ಲಿ 'ಡೆಕ್ಸ್‌ರಾನ್-6' ಬಂದಿದೆ. ಆದರೂ ಹಳೆಯ ಹೆಸರು ಹೊತ್ತ ಡಬ್ಬಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವು ಕೆಟ್ಟವೆಂದಲ್ಲ, ಆದರೆ ಆ ಮಾತಿಗೆ ಸಾಕ್ಷಿ ಹೇಳುವವರು ಯಾರೂ ಇಲ್ಲ.

ನಾಲ್ಕನೆಯದಾಗಿ, ಎರಡು ಬಗೆಯನ್ನು ಬೆರೆಸಬೇಡಿರಿ, ಬಣ್ಣ ನೋಡಿ ನಿರ್ಧರಿಸಬೇಡಿರಿ. ಮಟ್ಟವನ್ನು ನೋಡುವುದಕ್ಕೂ ಕ್ರಮವಿದೆ. ಕೆಲವು ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ, ಕೆಲವುಗಳಲ್ಲಿ ಬಿಸಿ ಮಾಡಿ ನಿಲ್ಲಿಸಿದ ಕೂಡಲೇ ನೋಡಬೇಕು. ಹೊಸ ಕಾರುಗಳಲ್ಲಿ ಅನೇಕಕ್ಕೆ ಅಳೆಯುವ ಕಡ್ಡಿಯೇ ಇಲ್ಲ, ದ್ರವವು ಗೊತ್ತಾದ ಉಷ್ಣತೆಯಲ್ಲಿರುವಾಗ ವರ್ಕ್‌ಶಾಪಿನಲ್ಲಿಯೇ ನೋಡಬೇಕು. ದ್ರವ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ತಡಮಾಡಬೇಡಿರಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಮಾತು. ಕೆಲಸ ಬಲ್ಲವನು "ವಿಚಾರಿಸಿ ಹೇಳುತ್ತೇನೆ" ಎಂದರೆ ಅವನಿಗೆ ಒಂದು ದಿನ ಕೊಡಿರಿ. ಅದು ಅವನ ಅಜ್ಞಾನವಲ್ಲ, ಅವನ ವಿದ್ಯೆ. ತರಗತಿಯಲ್ಲಿ ನಾನು ನಿಮಗೆ ಎಷ್ಟೋ ಬಾರಿ, ತಿಳಿಯದಿದ್ದರೆ ಎದ್ದು ನಿಂತು ಕೇಳಿರಿ ಎಂದು ಹೇಳಿದ್ದೆ. ಹೀಗೆ ಹೇಳಿಕೊಟ್ಟ ಮೇಷ್ಟ್ರೇ ಕೇಳಲು ಎದ್ದು ನಿಂತವನನ್ನು ಕೂರಿಸಿಬಿಟ್ಟರು.

ಮೊನ್ನೆ ಅವನ ವರ್ಕ್‌ಶಾಪಿಗೆ ಪುನಃ ಹೋಗಿದ್ದೆ. ಎಲ್ಲರ ಎದುರಿನಲ್ಲಿಯೇ ಕ್ಷಮೆ ಕೇಳಿದೆ. "ಬಿಡಿ ಸಾರ್" ಎಂದು ಅವನು ಕುರ್ಚಿ ಹಾಕಿದ. ಗೋಡೆಯ ಮೇಲೆ ಈಗ ಒಂದು ದೊಡ್ಡ ಹಾಳೆ ಅಂಟಿಸಿದ್ದಾನೆ. ಯಾವ ಕಾರು, ಯಾವ ವರ್ಷ, ಯಾವ ಪೆಟ್ಟಿಗೆ, ಯಾವ ದ್ರವ ಎಂದು ತನ್ನ ಮುದ್ದಾದ ಅಕ್ಷರಗಳಲ್ಲಿ ಬರೆದಿದ್ದಾನೆ. ಏಳನೆಯ ತರಗತಿಯಲ್ಲಿ ಅವನ ಅಕ್ಷರವನ್ನು ನಾನೇ ತಿದ್ದಿದ್ದೆ ಎಂಬುದು ಆಗ ನೆನಪಾಯಿತು. ಮದ್ದೂರಿನ ಕಡೆ ಹೋಗುವವರು ನಿಮ್ಮ ಗಾಡಿಗಳನ್ನು ನಿಶ್ಚಿಂತೆಯಿಂದ ಅವನಲ್ಲಿಗೆ ಒಯ್ಯಿರಿ. ಅವನ ಹೆಸರು ಇಲ್ಲಿ ಬರೆಯುವುದು ಬೇಡವೆಂದಿದ್ದಾನೆ. ನಿಮ್ಮಲ್ಲಿ ಬಹಳ ಜನ ಅವನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವರು, ನಿಮಗೆ ಗೊತ್ತಾಗುತ್ತದೆ.

ಎಲ್ಲರಿಗೂ ಶುಭವಾಗಲಿ.